ಅಳತೆ ಮೊದಲು, ಆರ್ಡರ್ ಆಮೇಲೆ: ಜಗದೀಶಚಂದ್ರ ಬೋಸರ ಕಥೆ

ಪ್ರಾಜೆಕ್ಟ್ ಸೀಸನ್ ಶುರುವಾಯ್ತು ಅಂದ್ರೆ ಇಸಿ ವಿಭಾಗದ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕೊಟೇಶನ್ ಬಂತಾ? ಹೆಚ್ಚಿನ ಸಲ ಬಂದಿರೋದಿಲ್ಲ. ಯಾಕಂದ್ರೆ ಕಂಪನಿಗೆ ಹೋದ ಮೇಲ್‌ನಲ್ಲಿ ಇರೋದೇ ಒಂದು ಸಾಲು. ಹಾರ್ನ್ ಆಂಟೆನಾ ಒಂದು, ಆಂಪ್ಲಿಫೈಯರ್ ಒಂದು ಬೇಕು, ರೇಟ್ ತಿಳಿಸಿ, ಅಷ್ಟೇ. ಯಾವ ಫ್ರೀಕ್ವೆನ್ಸಿಗೆ, ಎಷ್ಟು ಗೇನ್, ಯಾವ ಕನೆಕ್ಟರ್, ಏನೂ ಇಲ್ಲ. ದರ್ಜಿಯ ಅಂಗಡಿಗೆ ಹೋಗಿ, ಅಳತೆ ಕೊಡದೆ, ಒಂದು ಶರ್ಟ್ ಹೊಲಿಯೋಕೆ ಎಷ್ಟಾಗುತ್ತೆ, ಬಟ್ಟೆ ಎಷ್ಟು ಬೇಕು ಅಂತ ಕೇಳಿದ ಹಾಗೆ. ಶರ್ಟ್ ಮಗುವಿಗೋ ಅಪ್ಪನಿಗೋ ಅಂತ ತಿಳಿಯದೆ ಅವರಾದರೂ ಏನು ಹೇಳಿಯಾರು?

ಈ ಸಂಚಿಕೆಯ ವ್ಯಕ್ತಿಪರಿಚಯಕ್ಕೆ ನಾವು ಆರಿಸಿಕೊಂಡಿರುವವರು ಹಾರ್ನ್ ಆಂಟೆನಾ ಎಂಬ ಹೆಸರೇ ರೂಢಿಗೆ ಬರುವ ಮುಂಚೆ ಅದನ್ನು ಬಳಸಿದವರು. ಅವರ ಕಾಲದಲ್ಲಿ ಕೊಟೇಶನ್ ಕೇಳೋಣ ಅಂದರೆ ಅಂಥ ಭಾಗ ಮಾರುವ ಕಂಪನಿಯೇ ಇರಲಿಲ್ಲ. ಇದ್ದದ್ದು ಕಲ್ಕತ್ತಾದ ಒಬ್ಬ ತಗಡು ಕೆಲಸಗಾರ. ಆದರೂ ಅವರ ಮೇಜಿನ ಮೇಲೆ 60 ಗಿಗಾಹರ್ಟ್ಸ್‌ವರೆಗಿನ ಅಲೆಗಳು ಓಡಾಡಿದವು. ಅವರು ಜಗದೀಶಚಂದ್ರ ಬೋಸ್. ಗಿಡಗಳಿಗೂ ಸ್ಪಂದನೆ ಇದೆ ಎಂದು ತೋರಿಸಿದ ವಿಜ್ಞಾನಿ ಅಂತ ಶಾಲೆಯ ಪಾಠದಲ್ಲಿ ನಾವೆಲ್ಲ ಓದಿರುತ್ತೇವೆ. ಅದಕ್ಕೂ ಮೊದಲಿನ ಅವರ ರೇಡಿಯೋ ಕೆಲಸ ನಮ್ಮ ಬ್ರಾಂಚಿನವರಿಗೂ ಅಷ್ಟಾಗಿ ಗೊತ್ತಿಲ್ಲ.

ಬಾಲ್ಯ ಮತ್ತು ಓದು

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಆಗಿನ ಬಂಗಾಳದ ಮೈಮನ್‌ಸಿಂಗ್‌ನಲ್ಲಿ. ಅದು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರಿ ಅಧಿಕಾರಿ, ಬ್ರಹ್ಮಸಮಾಜದವರು. ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ದೊಡ್ಡಸ್ತಿಕೆ ಆಗಿದ್ದ ಕಾಲ ಅದು. ಭಗವಾನ್ ಚಂದ್ರರು ಮಾತ್ರ ಮಗನನ್ನು ಮೊದಲು ಬಂಗಾಳಿ ಶಾಲೆಗೆ ಹಾಕಿದರು. ಅವರ ಪ್ರಕಾರ ಮಗು ಮೊದಲು ತನ್ನ ಭಾಷೆ, ತನ್ನ ಜನ ಯಾರು ಅಂತ ಅರಿಯಬೇಕು, ಇಂಗ್ಲಿಷ್ ಆಮೇಲೆ. ಆ ಶಾಲೆಯಲ್ಲಿ ಬಾಲಕ ಜಗದೀಶನ ಒಂದು ಪಕ್ಕ ತಂದೆಯ ಮುಸ್ಲಿಂ ಸೇವಕನ ಮಗ, ಇನ್ನೊಂದು ಪಕ್ಕ ಮೀನುಗಾರನ ಮಗ ಕೂರುತ್ತಿದ್ದರು.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮ್ಮಂಥವರಿಗೆ ಇದನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತೆ. ಯಾಕೆ ಅಂತ ಮುಂದೆ ಹೇಳುತ್ತೇವೆ.

ತಂದೆ ಬರ್ದ್ವಾನ್‌ನಲ್ಲಿದ್ದಾಗ ಬಡ ಹುಡುಗರಿಗಾಗಿ ಮರಗೆಲಸ, ಲೋಹದ ಕೆಲಸ ಕಲಿಸುವ ಕಾರ್ಯಾಗಾರ ತೆರೆದಿದ್ದರು. ಕೈಕೆಲಸ ಕೀಳಲ್ಲ ಅನ್ನೋದು ಮನೆಯಲ್ಲೇ ಸಿಕ್ಕ ಪಾಠ. ಆಮೇಲೆ ಕಲ್ಕತ್ತಾದ ಹೇರ್ ಸ್ಕೂಲ್, ಸೇಂಟ್ ಝೇವಿಯರ್ಸ್ ಶಾಲೆ, ಅಲ್ಲೇ ಕಾಲೇಜು. ಕಾಲೇಜಿನಲ್ಲಿ ಫಾದರ್ ಲಾಫೋಂ ಅವರು ಪ್ರಯೋಗಗಳನ್ನು ಮಾಡಿ ತೋರಿಸುತ್ತಾ ಭೌತಶಾಸ್ತ್ರದ ರುಚಿ ಹತ್ತಿಸಿದರು. 1880ರಲ್ಲಿ ಬೋಸ್ ಇಂಗ್ಲೆಂಡಿಗೆ ಹೋದದ್ದು ಡಾಕ್ಟರ್ ಆಗಲಿಕ್ಕೆ. ಜ್ವರ ಬಿಡದೆ ಕಾಡಿತು. ವೈದ್ಯಕೀಯ ಬಿಟ್ಟು ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿ ವಿಜ್ಞಾನ ಓದಿದರು. ಅಲ್ಲಿ ಅವರಿಗೆ ಲಾರ್ಡ್ ರೇಲಿ ಗುರುಗಳಾಗಿ ಸಿಕ್ಕರು. ಮುಂದೆ ನಮ್ಮ ಸಿಲಬಸ್‌ನಲ್ಲಿ ಸಿಗುವ ರೇಲಿ ಸ್ಕ್ಯಾಟರಿಂಗ್ ಅವರ ಹೆಸರಿನದ್ದೇ.

ಮೂರು ವರ್ಷ ಸಂಬಳವಿಲ್ಲದ ಮೇಷ್ಟ್ರು

1885ರಲ್ಲಿ ಬೋಸ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಆಗಿನ ನಿಯಮ ನೋಡಿ. ಅದೇ ಹುದ್ದೆಯಲ್ಲಿ ಯುರೋಪಿನವರಿಗೆ ಸಿಗುವ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಬೋಸರ ನೇಮಕ ತಾತ್ಕಾಲಿಕ ಅಂತ ಹೇಳಿ ಅದರಲ್ಲೂ ಅರ್ಧ ಕಡಿತ. ಅವರು ಜಗಳ ಆಡಲಿಲ್ಲ, ಕೆಲಸ ಬಿಟ್ಟೂ ಹೋಗಲಿಲ್ಲ. ದಿನಾ ಬಂದು ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಆ ಹೊತ್ತಿನಲ್ಲಿ ಮನೆಯ ಮೇಲೆ ತಂದೆಯ ಸಾಲ ಬೇರೆ ಇತ್ತು. 1887ರಲ್ಲಿ ಮದುವೆಯಾದ ಅಬಲಾ ಅವರೂ ಈ ಕಷ್ಟದಲ್ಲಿ ಜೊತೆ ನಿಂತರು. ಕೊನೆಗೆ ಸರ್ಕಾರವೇ ಸೋತು, ಹಿಂದಿನದ್ದನ್ನೂ ಸೇರಿಸಿ ಪೂರ್ತಿ ಸಂಬಳ ಕೊಟ್ಟಿತು. ಆ ದುಡ್ಡು ಸಾಲ ತೀರಿಸಲು ಹೋಯಿತು.

ಸಂಬಳ ಬಂತು, ಲ್ಯಾಬ್ ಬರಲಿಲ್ಲ. ಪಾಠ ಮಾಡುವುದಷ್ಟೇ ಅವರ ಕೆಲಸ, ಸಂಶೋಧನೆ ಮಾಡಬೇಕು ಅಂದರೆ ಬಿಡುವಿನ ವೇಳೆಯಲ್ಲಿ, ಸ್ವಂತ ಖರ್ಚಿನಲ್ಲಿ. ಕಾಲೇಜಿನಲ್ಲಿ ಬಚ್ಚಲುಮನೆಯ ಪಕ್ಕದ ಒಂದು ಪುಟ್ಟ ಜಾಗವನ್ನೇ ಪ್ರಯೋಗಶಾಲೆ ಮಾಡಿಕೊಂಡರು. 1894ರ ನವೆಂಬರ್ 30, ತಮ್ಮ ಮೂವತ್ತಾರನೇ ಹುಟ್ಟುಹಬ್ಬದ ದಿನ, ಇನ್ನು ಸಂಶೋಧನೆಗೇ ಬಾಳು ಎಂದು ನಿಶ್ಚಯಿಸಿದರು.

ಹಾಸಿಗೆಗೆ ತಕ್ಕ ಅಲೆ

ಆಗಿನ ಪರಿಸ್ಥಿತಿ ಹೇಗಿತ್ತು ಅಂದರೆ, ವಿದ್ಯುತ್ಕಾಂತೀಯ ಅಲೆಗಳಿವೆ ಅಂತ ಹೈನ್‌ರಿಷ್ ಹರ್ಟ್ಸ್ 1888ರ ಹೊತ್ತಿಗೆ ಜರ್ಮನಿಯಲ್ಲಿ ತೋರಿಸಿಯಾಗಿತ್ತು. 1894ರ ಜನವರಿ 1ರಂದು ಹರ್ಟ್ಸ್ ತೀರಿಕೊಂಡರು. ಅದೇ ವರ್ಷ ಆಲಿವರ್ ಲಾಡ್ಜ್ ಲಂಡನ್ನಿನಲ್ಲಿ ಹರ್ಟ್ಸ್ ಕೆಲಸದ ಬಗ್ಗೆ ಉಪನ್ಯಾಸ ಕೊಟ್ಟರು. ಅದು ಅಚ್ಚಾಗಿ ಬಂತು, ಬೋಸರ ಕೈಗೂ ತಲುಪಿತು.

ಹರ್ಟ್ಸ್ ಬಳಸಿದ ಅಲೆಗಳು ಉದ್ದನೆಯವು. ಅವರು ಕನ್ನಡಿ, ಪ್ರಿಸಂ ಇಟ್ಟು ಮಾಡಿದ ಪ್ರಯೋಗಗಳಲ್ಲೂ ತರಂಗಾಂತರ ಅರ್ಧ ಮೀಟರಿಗಿಂತ ಹೆಚ್ಚಿತ್ತು. ಅಲೆಯನ್ನು ಕಿರಣದ ಹಾಗೆ ಒಂದೇ ದಿಕ್ಕಿಗೆ ಕಳಿಸಬೇಕಾದರೆ ಕನ್ನಡಿಯಾಗಲಿ ಪ್ರಿಸಂ ಆಗಲಿ ಆ ತರಂಗಾಂತರಕ್ಕಿಂತ ಹಲವು ಪಟ್ಟು ದೊಡ್ಡದಿರಬೇಕು. ಹಾಗಾಗಿ ಹರ್ಟ್ಸ್ ಹತ್ತಿರ ಎರಡು ಮೀಟರ್ ಎತ್ತರದ ಲೋಹದ ಕನ್ನಡಿಗಳಿದ್ದವು, ಐನೂರು ಕಿಲೋಗೂ ಮೀರಿದ ಪಿಚ್‌ನ ಪ್ರಿಸಂ ಇತ್ತು. ಬಚ್ಚಲುಮನೆ ಪಕ್ಕದ ಜಾಗದಲ್ಲಿ ಇದನ್ನೆಲ್ಲ ಎಲ್ಲಿಡೋದು?

ಕುಣಿಯಲಾರದವಳು ನೆಲ ಡೊಂಕು ಅಂದ ಗಾದೆಯ ಹಾಗೆ ಬೋಸ್ ಜಾಗ ಚಿಕ್ಕದು ಅಂತ ಕೂರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅದನ್ನು ಭೌತಶಾಸ್ತ್ರದಲ್ಲಿ ಮಾಡಿದರು. ಅಲೆಯನ್ನೇ ಚಿಕ್ಕದು ಮಾಡಿಕೊಂಡರು. ಅವರ ಪ್ರಯೋಗಗಳ ತರಂಗಾಂತರ ಸುಮಾರು 25 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗೆ. ಬೆಳಕಿನ ವೇಗವನ್ನು ಇದರಿಂದ ಭಾಗಿಸಿ ನೋಡಿ, 12 ಗಿಗಾಹರ್ಟ್ಸ್‌ನಿಂದ 60 ಗಿಗಾಹರ್ಟ್ಸ್ ಬರುತ್ತೆ.

ಜಾಗ ಒಂದೇ ಕಾರಣವಲ್ಲ. ಈ ಅಲೆಗಳು ಬೆಳಕಿನ ಹಾಗೇ ವಕ್ರೀಭವನ, ಧ್ರುವೀಕರಣ ಎಲ್ಲ ತೋರಿಸುತ್ತವಾ ಅನ್ನೋದು ಅವರ ಪ್ರಶ್ನೆ. ಧ್ರುವೀಕರಣ ಪರೀಕ್ಷಿಸಲು ಟೂರ್ಮಲಿನ್, ನೆಮಲೈಟ್‌ನಂಥ ಖನಿಜಗಳು ಬೇಕು. ಪ್ರಕೃತಿಯಲ್ಲಿ ಅಂಥವು ಮೀಟರ್ ಗಾತ್ರದಲ್ಲಿ ಸಿಗೋದಿಲ್ಲ, ಅಂಗೈ ಮೇಲೆ ಇಡುವಷ್ಟು ಸಿಗುತ್ತವೆ. ಅಲೆ ಅದಕ್ಕಿಂತ ಚಿಕ್ಕದಿದ್ದರೆ ಮಾತ್ರ ಪ್ರಯೋಗ ಸಾಧ್ಯ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಪ್ರಶ್ನೆಯಿಂದ ಹರಳಿನ ಗಾತ್ರ, ಹರಳಿನಿಂದ ತರಂಗಾಂತರ, ತರಂಗಾಂತರದಿಂದ ಉಪಕರಣದ ಅಳತೆ. ಒಂದರಿಂದ ಒಂದು ಬಂತು. ಸ್ಪೆಸಿಫಿಕೇಶನ್ ಅಂದರೆ ಇದೇ. ಯಾವುದೋ ಡೇಟಾಶೀಟ್ ತೆರೆದು ಅದರಲ್ಲಿನ ನಂಬರುಗಳನ್ನು ಕಾಪಿ ಮಾಡೋದಲ್ಲ, ನಮ್ಮ ಪ್ರಶ್ನೆ ಏನು ಅಂತ ಶುರುಮಾಡಿ ನಂಬರ್ ತನಕ ಬರೋದು.

ತಗಡು, ಸ್ಪ್ರಿಂಗು, ರೈಲ್ವೆ ಟೈಮ್‌ಟೇಬಲ್

ಈಗ ಭಾಗಗಳ ವಿಷಯಕ್ಕೆ ಬರೋಣ. 5 ಮಿಲಿಮೀಟರ್ ಅಲೆ ಹುಟ್ಟಿಸಲು ಕಿಡಿ ಹಾರುವ ಲೋಹದ ಗುಂಡುಗಳು ಪುಟ್ಟದಾಗಿರಬೇಕು. ಕಿಡಿ ಹಾರಿ ಹಾರಿ ಮೇಲ್ಮೈ ಒರಟಾದರೆ ಅಲೆ ಕೆಡುತ್ತೆ, ಹಾಗಾಗಿ ಪ್ಲಾಟಿನಂ ಬಳಕೆ. ಅಲೆ ಎಲ್ಲ ಕಡೆ ಸೋರಿದರೆ ಗ್ರಾಹಕಕ್ಕೆ ಗೊಂದಲ, ಹಾಗಾಗಿ ಕಿಡಿಯ ಸಾಮಾನೆಲ್ಲ ಲೋಹದ ಪೆಟ್ಟಿಗೆಯೊಳಗೆ. ಪೆಟ್ಟಿಗೆಯಿಂದ ಅಲೆ ಹೊರಗೆ ಬರೋಕೆ ಒಂದು ಲೋಹದ ಕೊಳವೆ. ಇವತ್ತು ಅದನ್ನೇ ನಾವು ವೇವ್‌ಗೈಡ್ ಅನ್ನುತ್ತೇವೆ. ಗ್ರಾಹಕದ ಬಾಯಿಗೆ ಲಾಳಿಕೆಯ ಹಾಗೆ ಅಗಲವಾಗುವ ಒಂದು ತಗಡಿನ ಭಾಗ. ಬೋಸರೂ ಅದನ್ನು ಅಲೆ ಸಂಗ್ರಹಿಸುವ ಲಾಳಿಕೆ ಎಂಬ ಅರ್ಥದ ಹೆಸರಿನಿಂದಲೇ ಕರೆದರು. ಅದೇ ಇವತ್ತಿನ ಹಾರ್ನ್ ಆಂಟೆನಾ.

ಇವನ್ನು ಮಾಡಿಕೊಟ್ಟವರು ಯಾರು? ವಿಜ್ಞಾನದ ಓದು ಇಲ್ಲದ ಒಬ್ಬ ತಗಡು ಕೆಲಸಗಾರ. ಬೋಸ್ ಪಕ್ಕದಲ್ಲಿ ನಿಂತು ಅವರಿಗೆ ಕೆಲಸ ಕಲಿಸಿದರು. ಆ ಕೆಲಸಗಾರರಿಗೆ ಮ್ಯಾಕ್ಸ್‌ವೆಲ್ ಸಮೀಕರಣ ಹೇಳಿ ಪ್ರಯೋಜನವಿಲ್ಲ. ಕೊಳವೆ ಎಷ್ಟು ಅಗಲ, ಎಷ್ಟು ಉದ್ದ, ಬಾಯಿ ಎಷ್ಟು ತೆರೆಯಬೇಕು ಅಂತ ಹೇಳಬೇಕು. ಹಾಗೆ ಹೇಳಬೇಕಾದರೆ ಮೊದಲು ಹೇಳುವವರಿಗೆ ಪೂರ್ತಿ ಗೊತ್ತಿರಬೇಕು, ಆಮೇಲೆ ಕೇಳುವವರ ಭಾಷೆ ಬರಬೇಕು. ಮೀನುಗಾರನ ಮಗನ ಪಕ್ಕ ಕೂತು ಬಂಗಾಳಿ ಕಲಿತ ಹುಡುಗನಿಗೆ ಎರಡನೆಯದು ಕಷ್ಟವಾಗಿರಲಿಕ್ಕಿಲ್ಲ ಅಂತ ನಮ್ಮ ಊಹೆ. ನಮಗೆ ಹೊಟ್ಟೆಕಿಚ್ಚು ಅಂದೆವಲ್ಲ, ಇದಕ್ಕೇ. ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವ ಅಣ್ಣನಿಗೆ ಫ್ಲೇಂಜ್‌ನ ಅಳತೆ ಕನ್ನಡದಲ್ಲಿ ಸರಿಯಾಗಿ ವಿವರಿಸೋಕೆ ಇವತ್ತು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ?

ಇನ್ನು ಡಿಟೆಕ್ಟರ್. ಆಗ ಇದ್ದದ್ದು ಕೊಹೆರರ್, ಅಂದರೆ ಗಾಜಿನ ಕೊಳವೆಯಲ್ಲಿ ಲೋಹದ ಪುಡಿ. ಅಲೆ ಬಿದ್ದಾಗ ಪುಡಿ ಒಂದಕ್ಕೊಂದು ಅಂಟಿಕೊಂಡು ಕರೆಂಟ್ ಹರಿಯುತ್ತೆ, ಮತ್ತೆ ತಟ್ಟಿ ಬಿಡಿಸಬೇಕು. ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರೋದಿಲ್ಲ. ಅಂಥ ಸಾಧನ ಇಟ್ಟುಕೊಂಡು ಅಳತೆ ಮಾಡೋದು ಹೇಗೆ? ಬೋಸ್ ಪುಡಿ ತೆಗೆದು ಸಣ್ಣ ಸುರುಳಿ ಸ್ಪ್ರಿಂಗುಗಳನ್ನು ಸಾಲಾಗಿ ಜೋಡಿಸಿದರು. ಒಂದು ಸ್ಕ್ರೂ ತಿರುಗಿಸಿದರೆ ಒತ್ತಡ ಹೆಚ್ಚು ಕಡಿಮೆ, ಬ್ಯಾಟರಿಯ ವೋಲ್ಟೇಜನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು. ಇವತ್ತಿನ ಮಾತಲ್ಲಿ ಹೇಳೋದಾದರೆ ಅವರ ಸ್ಪೆಸಿಫಿಕೇಶನ್‌ನಲ್ಲಿ ಸೆನ್ಸಿಟಿವಿಟಿ ಒಂದೇ ಅಲ್ಲ, ರಿಪೀಟಬಿಲಿಟಿಯೂ ಇತ್ತು.

ಇಷ್ಟೆಲ್ಲ ಕಟ್ಟುನಿಟ್ಟಾದವರು ಅಗತ್ಯವಿಲ್ಲದ ಕಡೆ ಸ್ವಲ್ಪವೂ ಆಡಂಬರ ಮಾಡಲಿಲ್ಲ. ಧ್ರುವೀಕರಣ ತೋರಿಸಲು ಬ್ರಾಡ್‌ಶಾ ರೈಲ್ವೆ ಟೈಮ್‌ಟೇಬಲ್ ಪುಸ್ತಕದ ಹಾಳೆಗಳ ನಡುವೆ ತವರದ ತೆಳು ಹಾಳೆ ಸೇರಿಸಿದರು. ಅದೇ ಪೋಲರೈಸರ್! ಸಕ್ಕರೆ ದ್ರಾವಣ ಬೆಳಕಿನ ಧ್ರುವೀಕರಣವನ್ನು ತಿರುಗಿಸುವ ಹಾಗೆ ಇಲ್ಲೂ ಆಗುತ್ತಾ ಅಂತ ನೋಡಲು ತಿರುಚಿದ ಸೆಣಬಿನ ಕಟ್ಟುಗಳನ್ನು ಬಳಸಿದರು. ಪ್ರಿಸಂಗೆ ಗಂಧಕ. ಯಾವುದು ನಿಖರವಾಗಿರಬೇಕು, ಯಾವುದು ಹೇಗಿದ್ದರೂ ನಡೆಯುತ್ತೆ ಅನ್ನೋ ವಿವೇಕ ಅದು. ಕೊಟೇಶನ್‌ನಲ್ಲಿ ದುಡ್ಡು ಉಳಿಯೋದೂ ಇದರಿಂದಲೇ. ಬೇಡದ ಕಡೆ ಟಾಲರೆನ್ಸ್ ಬಿಗಿ ಮಾಡಿದರೆ ಬೆಲೆ ಏರುತ್ತೆ, ಅಷ್ಟೇ.

ಲಂಡನ್ನಿನ ಮೇಜಿನ ಮೇಲೆ

1895ರ ಮೇ ತಿಂಗಳಲ್ಲಿ ಬೋಸರ ಮೊದಲ ಪ್ರಬಂಧ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ಮಂಡನೆಯಾಯಿತು. ಮುಂದಿನದು ಗುರು ರೇಲಿಯವರ ಮೂಲಕ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. ಆ ದಿನಗಳಲ್ಲೇ ಕಲ್ಕತ್ತಾದ ಟೌನ್‌ಹಾಲಿನಲ್ಲಿ ಸಾರ್ವಜನಿಕ ಪ್ರದರ್ಶನ. ತಂತಿ ಇಲ್ಲದೆ, ದೂರದಲ್ಲಿ ಗಂಟೆ ಬಾರಿಸಿತು, ಮದ್ದಿನ ಪುಡಿ ಸಿಡಿಯಿತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಡಿಎಸ್ಸಿ ಪದವಿ ಕೊಟ್ಟಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುಕ್ರವಾರದ ಸಂಜೆಯ ಉಪನ್ಯಾಸ. ಹರ್ಟ್ಸ್‌ಗೆ ಒಂದು ಹಾಲ್ ತುಂಬ ಬೇಕಾಗಿದ್ದ ಸಲಕರಣೆಯ ಕೆಲಸವನ್ನು ಕಲ್ಕತ್ತಾದ ಈ ಮೇಷ್ಟ್ರು ಮೇಜಿನ ಮೇಲೆ ಮಾಡಿ ತೋರಿಸಿದರು. ಲಾರ್ಡ್ ಕೆಲ್ವಿನ್ ಅಂಥವರೂ ಮೆಚ್ಚಿದರು.

ಮಾರ್ಕೋನಿ ಮೊದಲಾ, ಬೋಸ್ ಮೊದಲಾ?

ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ಬರುವ ಜಗಳ ಇದು. ರೇಡಿಯೋ ಕಂಡುಹಿಡಿದದ್ದು ಬೋಸ್, ಹೆಸರು ಮಾಡಿದ್ದು ಮಾರ್ಕೋನಿ ಅಂತ. ನಮಗೆ ಅನ್ನಿಸೋದು ಬೇರೆ. ಇಬ್ಬರ ಸ್ಪೆಸಿಫಿಕೇಶನ್ನೇ ಬೇರೆ ಬೇರೆ. ಮಾರ್ಕೋನಿಗೆ ಬೇಕಾಗಿದ್ದು ದೂರ. ಹಡಗಿಗೆ, ಸಮುದ್ರದಾಚೆಗೆ ಸಂದೇಶ ಹೋಗಬೇಕು. ಅದಕ್ಕೆ ಉದ್ದದ ಅಲೆಯೇ ಸರಿ. ಬೋಸರಿಗೆ ಬೇಕಾಗಿದ್ದು ಅಲೆಯ ಗುಣ ಅರಿಯೋದು, ಅದಕ್ಕೆ ಗಿಡ್ಡ ಅಲೆಯೇ ಬೇಕು. 60 ಗಿಗಾಹರ್ಟ್ಸ್ ಹತ್ತಿರ ಗಾಳಿಯಲ್ಲಿರುವ ಆಮ್ಲಜನಕವೇ ಅಲೆಯನ್ನು ಹೀರಿಬಿಡುತ್ತೆ. ಪ್ರತಿ ಕಿಲೋಮೀಟರಿಗೆ ಸುಮಾರು 15 ಡಿಬಿ ನಷ್ಟ. ಅಟ್ಲಾಂಟಿಕ್ ದಾಟಿಸಲು ಅದನ್ನು ಯಾರೂ ಆರಿಸೋದಿಲ್ಲ. ಹಾಗಂತ ಅದು ಕೆಟ್ಟ ಅಲೆ ಅಲ್ಲ. ಒಂದೇ ಕೋಣೆಯೊಳಗಿನ ವೇಗದ ವೈಫೈಗೆ ಇವತ್ತು ಅದೇ ಬ್ಯಾಂಡ್ ಬಳಸುತ್ತಾರೆ. ಯಾವುದಕ್ಕೆ ಅನ್ನೋದನ್ನು ಹೇಳದೆ ಯಾವುದು ಒಳ್ಳೇದು ಅಂತ ಕೇಳಿದರೆ ಉತ್ತರ ಇಲ್ಲ.

ಆದರೆ ಒಂದು ಅನ್ಯಾಯ ಮಾತ್ರ ನಿಜ. 1899ರಲ್ಲಿ ಬೋಸ್ ತಟ್ಟದೇ ತಾನಾಗಿ ಸರಿಯಾಗುವ ಕೊಹೆರರ್ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಪ್ರಕಟಿಸಿದ್ದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಪ್ರಯೋಗದಲ್ಲಿ ಬಳಸಿದ ಪಾದರಸದ ಡಿಟೆಕ್ಟರ್‌ನ ಮೂಲ ಇದೇ ಎಂದು 1998ರಲ್ಲಿ ಐಟ್ರಿಪಲ್‌ಇ ಪತ್ರಿಕೆಯ ಲೇಖನವೊಂದು ವಾದಿಸಿತು. ಬೋಸ್ ತಮ್ಮ ಜೀವಮಾನದಲ್ಲಿ ಇದಕ್ಕಾಗಿ ಹೋರಾಡಲಿಲ್ಲ. ಜ್ಞಾನ ಮಾರಾಟದ ಸರಕಲ್ಲ ಎಂಬುದು ಅವರ ನಿಲುವು. ಅಮೆರಿಕದ ಗೆಳತಿ ಸಾರಾ ಬುಲ್ ಅವರ ಒತ್ತಾಯಕ್ಕೆ ಗೆಲೀನಾ ಹರಳಿನ ಡಿಟೆಕ್ಟರ್‌ಗೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರಲ್ಲಿ ಪೇಟೆಂಟ್ ಸಿಕ್ಕಿತು. ಬೋಸ್ ಅದರಿಂದ ದುಡ್ಡು ಮಾಡಲು ಹೋಗಲಿಲ್ಲ. ಅರೆವಾಹಕ ಡಿಟೆಕ್ಟರ್‌ಗೆ ಸಿಕ್ಕ ಮೊದಮೊದಲ ಪೇಟೆಂಟುಗಳಲ್ಲಿ ಅದೂ ಒಂದು.

ಗಿಡಗಳ ಕಡೆಗೆ

ತಮ್ಮ ಡಿಟೆಕ್ಟರುಗಳು ಬಳಸಿ ಬಳಸಿ ದಣಿದ ಹಾಗೆ ಮಂಕಾಗುವುದನ್ನು, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಬೋಸ್ ಗಮನಿಸಿದರು. ಲೋಹಕ್ಕೇ ಹೀಗಾದರೆ ಗಿಡಕ್ಕೆ? ಅಲ್ಲಿಂದ ಅವರ ದಾರಿ ಬದಲಾಯಿತು. ಲಂಡನ್ನಿನ ಹಲವು ಶರೀರಶಾಸ್ತ್ರಜ್ಞರು ನಂಬಲಿಲ್ಲ, ಪ್ರಬಂಧಗಳ ಪ್ರಕಟಣೆಗೂ ತಡೆ ಬಂತು. ಅವರು ಮತ್ತೆ ಹಳೆಯ ದಾರಿ ಹಿಡಿದರು. ಏನು ಅಳೆಯಬೇಕು ಅಂತ ನಿರ್ಧರಿಸಿ ಅದಕ್ಕೆ ತಕ್ಕ ಸಾಧನ ಕಟ್ಟಿದರು. ಗಿಡದ ಬೆಳವಣಿಗೆ ಕಣ್ಣಿಗೆ ಕಾಣದಷ್ಟು ನಿಧಾನ, ಹಾಗಾದರೆ ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸಬೇಕು. ಹೀಗೆ ಬಂದದ್ದು ಕ್ರೆಸ್ಕೋಗ್ರಾಫ್. 1920ರಲ್ಲಿ ಲಂಡನ್ನಿನಲ್ಲಿ ಪರಿಣತರ ಮುಂದೆ ಅದರ ಪರೀಕ್ಷೆ ನಡೆದು ಪಾಸಾಯಿತು. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಅದಕ್ಕೂ ಮುಂಚೆ, 1917ರ ನವೆಂಬರ್ 30ರಂದು, ಮತ್ತೆ ಹುಟ್ಟುಹಬ್ಬದ ದಿನವೇ, ಕಲ್ಕತ್ತಾದಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ಶುರುಮಾಡಿದ್ದರು. ತಮಗೆ ಸಿಗದ ಲ್ಯಾಬ್ ಮುಂದಿನವರಿಗಾದರೂ ಸಿಗಲಿ ಅಂತ. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು.

ನಮಗೇನು ಕೆಲಸ?

ಬೋಸರ ರೇಡಿಯೋ ಕೆಲಸ ಹಳೆಯ ಕಥೆಯಾಗಿ ಉಳಿದಿಲ್ಲ. ಎರಡು ಪ್ರಿಸಂಗಳ ನಡುವಿನ ಅಂತರ ಬದಲಿಸಿ ಅಲೆಯ ಶಕ್ತಿ ಕಡಿಮೆ ಮಾಡುವ ಅವರ ವಿಧಾನದ ಮಾದರಿಯನ್ನು ನೂರು ವರ್ಷದ ನಂತರ ಅಮೆರಿಕದ ಕಿಟ್ ಪೀಕ್‌ನ 12 ಮೀಟರ್ ರೇಡಿಯೋ ದೂರದರ್ಶಕದ ಗ್ರಾಹಕದಲ್ಲಿ ಬಳಸಿದರು. 2012ರಲ್ಲಿ ಐಟ್ರಿಪಲ್‌ಇ ಅವರ 1894ರಿಂದ 1896ರ ಪ್ರಯೋಗಗಳನ್ನು ಮೈಲಿಗಲ್ಲು ಎಂದು ಗುರುತಿಸಿತು. 5ಜಿಯ 26 ಗಿಗಾಹರ್ಟ್ಸ್ ಬ್ಯಾಂಡ್ ಇರುವುದೂ ಅವರು ಓಡಾಡಿದ ಬೀದಿಯಲ್ಲೇ.

ಈಗ ಮೊದಲು ಹೇಳಿದ ಹಾರ್ನ್ ಆಂಟೆನಾದ ಕೊಟೇಶನ್ ತೆಗೆದುಕೊಳ್ಳಿ. ಬೋಸರ ಎರಡು ತುದಿಗಳನ್ನೇ ಇಟ್ಟುಕೊಂಡು ನೋಡೋಣ. 12 ಗಿಗಾಹರ್ಟ್ಸ್‌ಗೆ ಬೇಕಾದರೆ ಡಬ್ಲ್ಯುಆರ್-75 ವೇವ್‌ಗೈಡ್, ಅದು 10ರಿಂದ 15 ಗಿಗಾಹರ್ಟ್ಸ್‌ನದು. 60ಕ್ಕೆ ಡಬ್ಲ್ಯುಆರ್-15, ಅದು 50ರಿಂದ 75ರದು. ಒಂದಕ್ಕೆ ಕೇಳಿದ್ದು ಇನ್ನೊಂದಕ್ಕೆ ಬರೋದಿಲ್ಲ. ಕನೆಕ್ಟರ್ ಕೂಡ ಹಾಗೇ. ಸಾಮಾನ್ಯ ಎಸ್‌ಎಂಎ 18 ಗಿಗಾಹರ್ಟ್ಸ್ ತನಕ ಸರಿ, 60ಕ್ಕೆ 1.85 ಮಿಲಿಮೀಟರಿನದು ಬೇಕು. ಇದೊಂದನ್ನು ಬರೆಯದಿದ್ದರೆ ಕಂಪನಿಯವರು ವಾಪಸ್ ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಅದಕ್ಕಿಂತ ಕಷ್ಟ ಮೂರನೆಯದು: ಅವರೇ ಏನೋ ಊಹಿಸಿ ರೇಟ್ ಕೊಡೋದು. ಮೂರು ಕಂಪನಿ ಮೂರು ಥರ ಊಹಿಸಿದರೆ ಆ ಮೂರು ರೇಟುಗಳನ್ನು ಹೋಲಿಸೋಕೇ ಆಗೋದಿಲ್ಲ.

ಹಾಗಾಗಿ ಜೂನಿಯರ್‌ಗಳಿಗೆ, ನಮ್ಮ ಬ್ಯಾಚಿಗೂ, ಒಂದು ಮಾತು. ಮೇಲ್ ಬರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ಏನು ಅಳೆಯೋಕೆ ಹೊರಟಿದ್ದೀವಿ ಅಂತ ಬರೆಯಿರಿ. ಆಮೇಲೆ ಫ್ರೀಕ್ವೆನ್ಸಿ ಎಲ್ಲಿಂದ ಎಲ್ಲಿವರೆಗೆ, ಗೇನ್ ಕನಿಷ್ಠ ಎಷ್ಟು, ರಿಟರ್ನ್ ಲಾಸ್ ಎಷ್ಟು, ಪವರ್ ಎಷ್ಟು ತಡೆಯಬೇಕು, ಯಾವ ಕನೆಕ್ಟರ್ ಅಥವಾ ಫ್ಲೇಂಜ್, ಎಷ್ಟು ಪೀಸು, ಟೆಸ್ಟ್ ರಿಪೋರ್ಟ್ ಬೇಕಾ, ಯಾವತ್ತಿಗೆ ಬೇಕು. ಆಂಪ್ಲಿಫೈಯರ್ ಆದರೆ ನಾಯ್ಸ್ ಫಿಗರ್, ಔಟ್‌ಪುಟ್ ಪವರ್, ಸಪ್ಲೈ ವೋಲ್ಟೇಜ್ ಸೇರಿಸಿ. ಪ್ರತಿ ನಂಬರಿನ ಮುಂದೆ ಇದು ಇರಲೇಬೇಕಾ, ಇದ್ದರೆ ಒಳ್ಳೇದಾ ಅಂತ ಗುರುತು ಹಾಕಿ. ಯಾವ ನಂಬರು ಯಾಕೆ ಅಂತ ಪಕ್ಕದಲ್ಲಿ ಕೂತ ಗೆಳೆಯನಿಗೆ ಕನ್ನಡದಲ್ಲಿ ಹೇಳಿ ನೋಡಿ. ಹೇಳೋಕೆ ಬರದಿದ್ದರೆ ಆ ನಂಬರು ಇನ್ನೂ ನಮಗೇ ಅರ್ಥವಾಗಿಲ್ಲ.

ಬೋಸರ ಉಪಕರಣಗಳು ಇವತ್ತಿಗೂ ಕೋಲ್ಕತ್ತಾದ ಬೋಸ್ ಇನ್‌ಸ್ಟಿಟ್ಯೂಟಿನ ಮ್ಯೂಸಿಯಂನಲ್ಲಿವೆ. ಟೆಕ್‌ಫೆಸ್ಟ್‌ಗೋ ಇಂಟರ್ನ್‌ಶಿಪ್‌ಗೋ ಆ ಕಡೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ನಮ್ಮಲ್ಲಿ ಎರಡು ವರ್ಷದ ನಂತರ ಮೈಕ್ರೋವೇವ್ ಪೇಪರ್ ಬರೆಯುವವರೆಲ್ಲ ಆ ತಗಡಿನ ಲಾಳಿಕೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ನಮ್ಮ ಆಸೆ.